ಯಾವ ಕಿವಿಮಾತು ಕೆಲಸಕ್ಕೆ ಬರುತ್ತದೆ? ಬಾಗಲಕೋಟೆ ಸೀಮೆಯ ಮೊಬೈಲು, ಕಂಪ್ಯೂಟರು, ಇಂಟರ್‌ನೆಟ್ಟು

ಇಳಕಲ್ಲಿನ ಮಗ್ಗದ ಮನೆಗೆ ಬೇಕಾದ ಕಿವಿಮಾತು ಬೇರೆ, ಬಾದಾಮಿಯ ಗೈಡಿಗೆ ಬೇಕಾದದ್ದು ಬೇರೆ. ಹುನಗುಂದದ ಎರಿ ಹೊಲದ ರೈತನಿಗೆ ಬೇಕಾದದ್ದು ಒಂದಾದರೆ, ಬಾಗಲಕೋಟೆಯ ನವನಗರದಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಹುಡುಗಿಗೆ ಬೇಕಾದದ್ದು ಇನ್ನೊಂದು. ಆದರೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ, ಯೂಟ್ಯೂಬಿನಲ್ಲಿ ಈ ನಾಲ್ವರಿಗೂ ಬಂದು ಬೀಳುವ ಪಟ್ಟಿ ಒಂದೇ. ಬ್ಯಾಟರಿ ಉಳಿಸುವ ಹತ್ತು ಉಪಾಯ, ಫೋನ್ ವೇಗವಾಗಿಸುವ ಐದು ಆ್ಯಪ್, ಯಾರಿಗೂ ಗೊತ್ತಿಲ್ಲದ ಗುಟ್ಟಿನ ಕೋಡು. ಅದರಲ್ಲಿ ಅರ್ಧದಷ್ಟು ಸುಳ್ಳು. ಉಳಿದ ಅರ್ಧದಲ್ಲಿ ಬಹುಪಾಲು ಈ ನಾಲ್ವರ ದಿನದ ಕೆಲಸಕ್ಕೆ ಬರುವಂಥದ್ದಲ್ಲ.

ಹಾಗಾದರೆ ಯಾವುದು ಬರುತ್ತದೆ? ಆ ಪ್ರಶ್ನೆಯನ್ನೇ ಇಲ್ಲಿ ಒಂದು ಕಡೆಯಿಂದ ನೋಡಿಕೊಂಡು ಬರುವ ಪ್ರಯತ್ನ ಮಾಡಿದ್ದೇನೆ. ಅಳೆಯಲು ಇಟ್ಟುಕೊಂಡ ಕೋಲು ಒಂದೇ: ಈ ಕಿವಿಮಾತು ಕಲಿತ ಮೇಲೆ ಮನುಷ್ಯ ತನ್ನ ಫೋನನ್ನು ಇನ್ನೊಬ್ಬರ ಕೈಗೆ ಕೊಟ್ಟು ‘ಇದೊಂಚೂರು ಮಾಡಿಕೊಡೋ ತಮ್ಮಾ’ ಎನ್ನುವುದು ತಪ್ಪುತ್ತದೆಯೇ? ನಮ್ಮ ಭಾಗದಲ್ಲಿ ಫೋನು ಕೊಡುವಾಗ ಅದರ ಜೊತೆಗೆ ಪಿನ್ ಕೊಡುತ್ತೇವೆ, ಒಟಿಪಿ ಓದಿ ಹೇಳುತ್ತೇವೆ, ಆಧಾರ್ ಪ್ರತಿಯನ್ನು ಅವರ ಕಂಪ್ಯೂಟರಿನಲ್ಲೇ ಬಿಟ್ಟು ಬರುತ್ತೇವೆ. ಕೆಲಸ ತಡವಾಗುವುದಕ್ಕೂ ಮೋಸ ಹೋಗುವುದಕ್ಕೂ ಬೇರು ಅಲ್ಲಿಯೇ ಇದೆ ಎಂಬುದು ನನ್ನ ದೃಢ ಅಭಿಪ್ರಾಯ.

ಮೊದಲು ಕನ್ನಡ

ಎಲ್ಲಕ್ಕಿಂತ ಮೊದಲು ಕಲಿಯಬೇಕಾದದ್ದು ಕನ್ನಡದಲ್ಲಿ ಬರೆಯುವುದನ್ನು. ಕನ್ನಡ ಗಣಕ ಪರಿಷತ್ತಿನ ‘ನುಡಿ’, ಶೇಷಾದ್ರಿವಾಸು ಅವರ ‘ಬರಹ’ ಇವೆರಡೂ ಒಂದು ತಲೆಮಾರಿಗೆ ಕಂಪ್ಯೂಟರಿನಲ್ಲಿ ಕನ್ನಡ ಕೊಟ್ಟ ತಂತ್ರಾಂಶಗಳು. ನುಡಿಯ ಕೀಲಿಮಣೆಯ ವಿನ್ಯಾಸ ಕೆ.ಪಿ. ರಾವ್ ಅವರದು. ಇಂಗ್ಲಿಷ್ ಕೆ ಒತ್ತಿದರೆ ಕ, ಎಂ ಒತ್ತಿದರೆ ಮ, ಒತ್ತಕ್ಷರ ಬೇಕಾದಾಗ ನಡುವೆ ಎಫ್. ‘ಅಮ್ಮ’ ಬರೆಯಲು ಎ, ಎಂ, ಎಫ್, ಎಂ ಒತ್ತಿದರೆ ಮುಗಿಯಿತು. ಇದನ್ನು ಕೈಗೆ ಹತ್ತಿಸಿಕೊಂಡವರು ಇಂದಿಗೂ ಡಿಟಿಪಿ ಅಂಗಡಿಗಳಲ್ಲಿ ಎಲ್ಲರಿಗಿಂತ ಬೇಗ ಬರೆಯುತ್ತಾರೆ.

ತೊಡಕು ಬೇರೆ ಕಡೆ ಇದೆ. ಹಳೆಯ ನುಡಿ, ಬರಹ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದಂಥವು. ಅವುಗಳಲ್ಲಿ ಬರೆದ ಲಗ್ನಪತ್ರಿಕೆಯನ್ನೋ ಸಂಘದ ಠರಾವನ್ನೋ ಆ ಫಾಂಟು ಇಲ್ಲದ ಫೋನಿನಲ್ಲಿ ತೆರೆದರೆ ‘ಕನ್ನಡ’ ಎಂಬ ಪದವೇ ಕಾಣುವುದಿಲ್ಲ. ಒಂದು ಪಿ, ತಲೆಯ ಮೇಲೆ ಗೀಟು ಎಳೆದ ಎ, ನಡುವೆ ಬ್ರಿಟಿಷ್ ಪೌಂಡಿನ ಚಿಹ್ನೆ, ಹೀಗೆ ಗೋಜಲು ಕಾಣಿಸುತ್ತದೆ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ತನ್ನದೇ ಜಾಗ ಸಿಕ್ಕಿತು; 2001ರ ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟಿನೊಂದಿಗೆ ಬಂತು. ಇಂದು ಯಾವ ಫೋನಿನಲ್ಲಾದರೂ ಯೂನಿಕೋಡ್ ಕನ್ನಡ ಓದಲು ಬರುತ್ತದೆ, ಗೂಗಲ್‌ಗೆ ಹುಡುಕಲು ಸಿಗುತ್ತದೆ, ಕಣ್ಣು ಕಾಣದವರಿಗೆ ಯಂತ್ರ ಓದಿ ಹೇಳುತ್ತದೆ. ಆದ್ದರಿಂದ ಡಿಟಿಪಿ ಮಾಡಿಸುವವರು ಅಂಗಡಿಯಲ್ಲಿ ಒಂದೇ ಮಾತು ಕೇಳಿದರೆ ಸಾಕು: ‘ಯೂನಿಕೋಡಿನ್ಯಾಗ ಕೊಡ್ರಿ.’ ನುಡಿಯ ಈಚಿನ ಆವೃತ್ತಿಗಳಲ್ಲಿಯೂ ಆ ಅನುಕೂಲವಿದೆ. ಹಳೆಯ ಕಡತಗಳಿದ್ದರೆ ಅರವಿಂದ ವಿ.ಕೆ. ರೂಪಿಸಿದ ಪರಿವರ್ತಕದಂಥ ಉಚಿತ ಸಾಧನಗಳು ಯೂನಿಕೋಡಿಗೆ ತಿರುಗಿಸಿಕೊಡುತ್ತವೆ. ತಿರುಗಿಸಿದ ಮೇಲೆ ಅರ್ಕಾವೊತ್ತು, ದೀರ್ಘಗಳ ಕಡೆ ಒಮ್ಮೆ ಕಣ್ಣು ಹಾಯಿಸಬೇಕು. ತಪ್ಪು ಉಳಿಯುವುದು ಹೆಚ್ಚಾಗಿ ಅಲ್ಲೇ.

ನುಡಿ ಕಲಿಯದವರಿಗೂ ದಾರಿಗಳಿವೆ. ವಿಂಡೋಸ್ 10ರ 2019ರ ಮೇ ಆವೃತ್ತಿಯಿಂದ ಕನ್ನಡ ಫೋನೆಟಿಕ್ ಕೀಲಿಮಣೆ ವಿಂಡೋಸ್ ಒಳಗೇ ಇದೆ. ಸೆಟ್ಟಿಂಗ್ಸ್‌ನ ಭಾಷೆಯ ಭಾಗಕ್ಕೆ ಹೋಗಿ ಒಮ್ಮೆ ಸೇರಿಸಿಕೊಂಡರೆ ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಒತ್ತಿದಾಗಲೆಲ್ಲ ಇಂಗ್ಲಿಷಿನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ ಬದಲಾಗುತ್ತದೆ. ಫೋನಿನಲ್ಲಿ ಜಿಬೋರ್ಡ್ ಇದ್ದರೆ ಮೈಕಿನ ಗುರುತು ಒತ್ತಿ ಮಾತಾಡಿದರೂ ಸಾಕು. ಗೂಗಲ್ ಕನ್ನಡದ ಧ್ವನಿ ಬರಹವನ್ನು 2017ರಲ್ಲಿ ತಂದಿತು. ‘ಬಂದಾನ, ಹೋಗ್ಯಾನ’ ಎನ್ನುವ ನಮ್ಮ ಧಾಟಿ ಅದಕ್ಕೆ ಇನ್ನೂ ಪೂರ್ತಿ ಒಗ್ಗಿಲ್ಲ. ಪುಸ್ತಕದ ಕನ್ನಡವನ್ನು ತುಸು ನಿಧಾನವಾಗಿ ಹೇಳಿದರೆ ಒಂದು ಪುಟದ ಅರ್ಜಿ ಕೆಲವೇ ನಿಮಿಷಗಳಲ್ಲಿ ತಯಾರು. ಅಕ್ಷರ ಕೂಡಿಸಿ ಬರೆಯಲು ಕಷ್ಟಪಡುವ ಹಿರಿಯರಿಗೆ ನಾನು ಮೊದಲು ತೋರಿಸುವುದು ಈ ಮೈಕಿನ ಗುರುತನ್ನೇ. ಯಾಕೆಂದರೆ ಅದು ಅದೇ ದಿನ ಅವರನ್ನು ಇನ್ನೊಬ್ಬರ ಹಂಗಿನಿಂದ ಬಿಡಿಸುತ್ತದೆ.

ಅರ್ಜಿ, ದಾಖಲೆ, ಉತಾರ

ಶಾಲೆ ಕಾಲೇಜು ಶುರುವಾಗುವ ದಿನಗಳಲ್ಲಿ, ನೇಮಕಾತಿಯ ಕಡೆಯ ದಿನಾಂಕಗಳ ಹೊತ್ತಿಗೆ ಝೆರಾಕ್ಸ್ ಅಂಗಡಿಗಳ ಮುಂದೆ ಪಾಳಿ ಹಚ್ಚುವುದನ್ನು ಎಲ್ಲರೂ ನೋಡಿದ್ದೇವೆ. ಅಲ್ಲಿ ಹೊತ್ತು ತಿನ್ನುವ ಕೆಲಸ ಸಾಮಾನ್ಯವಾಗಿ ಒಂದೇ: ಫೋಟೋ, ಸಹಿ, ಅಂಕಪಟ್ಟಿ ಇವುಗಳನ್ನು ಅರ್ಜಿ ಕೇಳಿದಷ್ಟು ಕೆಬಿಗೆ ಇಳಿಸುವುದು. ಇದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಗೂಗಲ್ ಡ್ರೈವ್ ಆ್ಯಪ್‌ನಲ್ಲಿ ಸ್ಕ್ಯಾನ್ ಎಂಬ ಗುರುತಿದೆ. ಅಂಕಪಟ್ಟಿಯನ್ನು ಬೆಳಕಿನಲ್ಲಿಟ್ಟು ಅದರಿಂದ ತೆಗೆದರೆ ಅಂಚು ತಾನೇ ಕತ್ತರಿಸಿಕೊಂಡು ಪಿಡಿಎಫ್ ಆಗುತ್ತದೆ. ಫೋಟೋ ಇಳಿಸಲು ಕಂಪ್ಯೂಟರಿನ ಪೇಂಟ್‌ನಲ್ಲಿ ರೀಸೈಜ್ ಮಾಡಿ ಜೆಪಿಇಜಿ ಆಗಿ ಉಳಿಸಿದರೆ ಸಾಕು. ಒಂದು ಸಲ ಸರಿಯಾಗಿ ಮಾಡಿದ ಫೋಟೋ, ಸಹಿ, ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ‘ಅರ್ಜಿ’ ಎಂಬ ಒಂದೇ ಫೋಲ್ಡರಿನಲ್ಲಿ ಹೆಸರು ಬರೆದು ಇಟ್ಟುಕೊಂಡ ವಿದ್ಯಾರ್ಥಿ ಮುಂದಿನ ಅರ್ಜಿಗೆ ಪಾಳಿ ಹಚ್ಚಬೇಕಿಲ್ಲ.

ಅಂಗಡಿಗೆ ಹೋಗಲೇಬೇಕಾದಾಗ ಎರಡು ಎಚ್ಚರ. ಅಲ್ಲಿನ ಕಂಪ್ಯೂಟರಿನಲ್ಲಿ ವಾಟ್ಸ್‌ಆ್ಯಪ್ ವೆಬ್ ತೆರೆದು ಕಡತ ಇಳಿಸಿದ್ದರೆ ಹೊರಡುವ ಮೊದಲು ನಿಮ್ಮ ಫೋನಿನ ‘ಲಿಂಕ್ಡ್ ಡಿವೈಸಸ್’ ತೆರೆದು ಲಾಗ್ ಔಟ್ ಮಾಡಿ. ಇಲ್ಲದಿದ್ದರೆ ನಿಮ್ಮ ಮಾತುಕತೆಯೆಲ್ಲ ಆ ಮೇಜಿನ ಮೇಲೆ ತೆರೆದೇ ಇರುತ್ತದೆ. ಎರಡನೆಯದು ಆಧಾರ್. ಯುಐಡಿಎಐ ತಾಣದಿಂದ ಇ-ಆಧಾರ್ ಇಳಿಸುವಾಗ ‘ಮಾಸ್ಕ್ಡ್’ ಎಂದು ಆರಿಸಿದರೆ ಕೊನೆಯ 4 ಅಂಕಿ ಮಾತ್ರ ಕಾಣುವ ಪ್ರತಿ ಸಿಗುತ್ತದೆ. ಲಾಡ್ಜಿಗೆ, ಬಾಡಿಗೆ ಮನೆಗೆ ಅಷ್ಟು ಸಾಕು. ಆ ಪಿಡಿಎಫ್ ಕೇಳುವ ಪಾಸ್‌ವರ್ಡಿನಲ್ಲಿ ಬಹಳ ಮಂದಿ ಸಿಕ್ಕಿಹಾಕಿಕೊಳ್ಳುತ್ತಾರೆ. ಆಧಾರ್‌ನಲ್ಲಿರುವ ಹೆಸರಿನ ಮೊದಲ ನಾಲ್ಕು ಅಕ್ಷರಗಳನ್ನು ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಬರೆದು, ಮುಂದೆ ಹುಟ್ಟಿದ ವರ್ಷ ಸೇರಿಸಿದರೆ ಅದು ತೆರೆಯುತ್ತದೆ.

2015ರಲ್ಲಿ ಬಂದ ಡಿಜಿಲಾಕರ್ ಇನ್ನೂ ನಮ್ಮಲ್ಲಿ ಅರ್ಧ ಬಳಕೆಯಲ್ಲಿದೆ. ಅದರಲ್ಲಿ ಬರುವ ಡ್ರೈವಿಂಗ್ ಲೈಸೆನ್ಸ್, ಗಾಡಿಯ ಆರ್‌ಸಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಗಳಿಗೆ ಮೂಲ ದಾಖಲೆಯಷ್ಟೇ ಮಾನ್ಯತೆ ಕಾನೂನಿನಲ್ಲಿದೆ. ಒಂದು ವ್ಯತ್ಯಾಸ ತಿಳಿದಿರಬೇಕು. ಇಲಾಖೆಯಿಂದಲೇ ಬಂದು ಕೂತ ದಾಖಲೆಗೆ ಮಾತ್ರ ಆ ಮಾನ್ಯತೆ. ನಾವೇ ಫೋಟೋ ತೆಗೆದು ಏರಿಸಿದ್ದಕ್ಕಿಲ್ಲ. ಇಳಕಲ್ ಕ್ರಾಸಿನಲ್ಲಿ ಪೊಲೀಸರು ಗಾಡಿ ನಿಲ್ಲಿಸಿದಾಗ ಈ ವ್ಯತ್ಯಾಸವೇ ಲೆಕ್ಕಕ್ಕೆ ಬರುತ್ತದೆ.

ರೈತರಿಗೆ ಎಲ್ಲಕ್ಕಿಂತ ದೊಡ್ಡ ದಾಖಲೆ ಉತಾರ, ಅಂದರೆ ಪಹಣಿ. ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ‘ಭೂಮಿ’ ಯೋಜನೆ ದೇಶದಲ್ಲೇ ಮಾದರಿಯಾಯಿತು. ಆ ತಾಣದಲ್ಲಿ ಉತಾರ ನೋಡಲು ದುಡ್ಡು ಬೇಕಿಲ್ಲ, ಏಜೆಂಟನೂ ಬೇಕಿಲ್ಲ. ಜಿಲ್ಲೆ, ತಾಲೂಕು, ಹೋಬಳಿ, ಊರು ಆರಿಸಿ ಸರ್ವೆ ನಂಬರ್ ಹಾಕಿದ ಮೇಲೆ ‘ಸರ್ನಾಕ್’ ಎಂದು ಒಂದು ಚೌಕ ಬರುತ್ತದೆ. ಬಹಳ ಜನ ಅಲ್ಲೇ ಕೈಬಿಡುತ್ತಾರೆ. ಅಲ್ಲಿ ಸಾಮಾನ್ಯವಾಗಿ ಒಂದು ನಕ್ಷತ್ರದ ಗುರುತು ಇರುತ್ತದೆ, ಅದನ್ನೇ ಆರಿಸಿದರೆ ಹಿಸ್ಸಾ ನಂಬರಿನ ಪಟ್ಟಿ ತೆರೆಯುತ್ತದೆ, ಉತಾರವೂ ಬರುತ್ತದೆ. ಬ್ಯಾಂಕಿಗೆ ಕೊಡುವ ಪ್ರತಿ ಬೇಕಾದರೆ ಮಾತ್ರ ಶುಲ್ಕ. ವರ್ಷಕ್ಕೊಮ್ಮೆಯಾದರೂ ತನ್ನ ಉತಾರದಲ್ಲಿ ಹೆಸರು, ಎಕರೆ ಗುಂಟೆ, ಸಾಲದ ಬೋಜಾ, ಬೆಳೆಯ ಕಾಲಂ ಸರಿ ಇವೆಯೇ ಎಂದು ಪ್ರತಿ ರೈತನೂ ತಾನೇ ತೆರೆದು ನೋಡಬೇಕು. ಬೆಳೆ ವಿಮೆ, ಪರಿಹಾರದ ಹಣ ತಡೆಹಿಡಿದಾಗ ಕಚೇರಿಗೆ ಅಲೆಯುವುದಕ್ಕಿಂತ ಇದು ಹಗುರ. ‘ದಿಶಾಂಕ್’ ಆ್ಯಪ್ ಹಿಡಿದು ಹೊಲದಲ್ಲಿ ನಿಂತರೆ ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೇವೆ ಎಂದು ತೋರಿಸುತ್ತದೆ. ಹೊಲ ಕೊಳ್ಳುವವರಿಗೆ ಬಹಳ ಉಪಯೋಗ. ಆದರೆ ಬದುವಿನ ತಕರಾರು ಅದರಿಂದ ಬಗೆಹರಿಯದು. ಅದಕ್ಕೆ ಮೋಜಣಿಯೇ ಆಗಬೇಕು.

ಮಳೆಗಾಲದಲ್ಲಿ ಎರಿ ಸೀಮೆಯ ಬಯಲಿನಲ್ಲಿ ದುಡಿಯುವವರ ಫೋನಿನಲ್ಲಿ ಇರಲೇಬೇಕಾದ ಇನ್ನೊಂದು ಆ್ಯಪ್ ‘ದಾಮಿನಿ’. ಪುಣೆಯ ಉಷ್ಣವಲಯ ಪವನವಿಜ್ಞಾನ ಸಂಸ್ಥೆ ರೂಪಿಸಿದ್ದು. ಹತ್ತಿರದಲ್ಲಿ ಸಿಡಿಲು ಬಡಿಯುವ ಸಂಭವ ಇದ್ದರೆ ಮುಂಚಿತವಾಗಿ ಎಚ್ಚರಿಸುತ್ತದೆ. ಗಿಡದ ಕೆಳಗೆ ಹೋಗಿ ನಿಲ್ಲಬಾರದು ಎಂಬ ತಿಳಿವಳಿಕೆ ಮತ್ತು ಈ ಎಚ್ಚರಿಕೆ ಎರಡೂ ಕೂಡಿದರೆ ಜೀವ ಉಳಿಯುತ್ತದೆ.

ಸೀರೆ ಮಾರುವವರ ಫೋನು

ಇಳಕಲ್ ಸೀರೆ, ಗುಳೇದಗುಡ್ಡದ ಖಣ ಈಗ ಅರ್ಧ ಅಂಗಡಿಯಲ್ಲಿ, ಅರ್ಧ ವಾಟ್ಸ್‌ಆ್ಯಪ್ ಮತ್ತು ಇನ್‌ಸ್ಟಾಗ್ರಾಮಿನಲ್ಲಿ ಮಾರಾಟವಾಗುತ್ತವೆ. ಪವರ್‌ಲೂಮಿನ ಅಗ್ಗದ ನಕಲೂ ಅದೇ ಪರದೆಯ ಮೇಲೆ ಪಕ್ಕದಲ್ಲೇ ಇರುತ್ತದೆ. ಅಲ್ಲಿ ಕೈಮಗ್ಗದವರ ಪರವಾಗಿ ಮಾತಾಡಬೇಕಾದದ್ದು ಫೋಟೋ. ಅದನ್ನು ಹೇಗೆ ತೆಗೆಯಬೇಕು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

ಟ್ಯೂಬ್‌ಲೈಟಿನ ಕೆಳಗೆ ತೆಗೆದ ಫೋಟೋದಲ್ಲಿ ದಾಳಿಂಬೆ ಕೆಂಪು ಇಟ್ಟಂಗಿ ಬಣ್ಣಕ್ಕೆ ತಿರುಗುತ್ತದೆ. ಸೀರೆ ತಲುಪಿದ ಮೇಲೆ ‘ಬಣ್ಣ ಬ್ಯಾರೆ ಐತಿ’ ಎಂದು ವಾಪಸು ಬರುವುದು ಇದರಿಂದಲೇ. ಬೆಳಗಿನ ಹೊತ್ತು ಪಡಸಾಲೆಯ ನೆರಳಿನಲ್ಲಿ, ನೇರ ಬಿಸಿಲು ಬೀಳದ ಕಡೆ ಸೀರೆ ಹರಡಿ. ಫ್ಲ್ಯಾಷ್ ಬೇಡ, ಬ್ಯೂಟಿ ಫಿಲ್ಟರ್ ಬೇಡ, ತೆಗೆಯುವ ಮೊದಲು ಲೆನ್ಸನ್ನು ಒಂದು ಅರಿವೆಯಿಂದ ಒರೆಸಿ. ಮೊದಲ ಫೋಟೋ ಇಡೀ ಸೀರೆಯದು. ಎರಡನೆಯದು ತೋಪ ತೆನಿಯ ಸೆರಗು. ಮೂರನೆಯದು ದಡಿ, ಚಿಕ್ಕಿಯೋ ಗೋಮಿಯೋ ಎಂದು ತಿಳಿಯುವಷ್ಟು ಹತ್ತಿರದಿಂದ. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ: ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸಿದ ಆ ಗೆರೆ. ಇಳಕಲ್ ಕೈಮಗ್ಗದ ಗುರುತು ಆ ಕೊಂಡಿಯಲ್ಲಿದೆ. ಅದನ್ನು ತೋರಿಸಿ ಮಾರಿದವರಿಗೆ ಬೆಲೆಯ ಬಗ್ಗೆ ಹೆಚ್ಚು ವಾದ ಮಾಡುವ ಪ್ರಸಂಗ ಬರುವುದಿಲ್ಲ.

ಇಷ್ಟು ಕಷ್ಟಪಟ್ಟು ತೆಗೆದ ಫೋಟೋವನ್ನು ವಾಟ್ಸ್‌ಆ್ಯಪ್ ಕಳಿಸುವಾಗ ಹಿಂಡಿಬಿಡುತ್ತದೆ, ಕೊಂಡಿಯ ಎಳೆ ಕಾಣದಾಗುತ್ತದೆ. ಕಳಿಸುವ ಮುಂಚೆ ಮೇಲಿರುವ ಎಚ್‌ಡಿ ಗುರುತು ಒತ್ತಿ, ಅಥವಾ ಫೋಟೋವನ್ನು ‘ಡಾಕ್ಯುಮೆಂಟ್’ ಆಗಿ ಕಳಿಸಿ. ಆಗ ಇದ್ದದ್ದು ಇದ್ದ ಹಾಗೆ ಹೋಗುತ್ತದೆ. 2018ರಿಂದ ಭಾರತದಲ್ಲಿರುವ ವಾಟ್ಸ್‌ಆ್ಯಪ್ ಬಿಸಿನೆಸ್ ಉಚಿತ. ಅದರ ಕ್ಯಾಟಲಾಗಿನಲ್ಲಿ ಸೀರೆಗಳನ್ನು ಬೆಲೆ ಸಮೇತ ಜೋಡಿಸಿಟ್ಟರೆ ಒಬ್ಬೊಬ್ಬರಿಗೂ ಮತ್ತೆ ಮತ್ತೆ ಕಳಿಸುವ ಕೆಲಸ ಉಳಿಯುತ್ತದೆ. ‘ಕ್ವಿಕ್ ರಿಪ್ಲೈ’ಯಲ್ಲಿ ವಿಳಾಸ, ಪಾರ್ಸಲ್ ಖರ್ಚು, ತೊಳೆಯುವ ವಿಧಾನ ಬರೆದಿಟ್ಟರೆ ಮಗ್ಗದಿಂದ ಏಳದೆ ಒಂದು ಗೆರೆ ಒತ್ತಿ ಉತ್ತರ ಕಳಿಸಬಹುದು. ಊರಿನ ಹೆಸರನ್ನು ಜನ ಇಳಕಲ್, ಇಲಕಲ್ಲ, ಇಳಕಲ್ಲು ಎಂದು ನಾನಾ ಬಗೆಯಲ್ಲಿ ಬರೆದು ಹುಡುಕುತ್ತಾರೆ. ಪೋಸ್ಟಿನ ಕೆಳಗೆ ಅವನ್ನೆಲ್ಲ, ಇಂಗ್ಲಿಷಿನ ರೂಪಗಳನ್ನೂ ಕೂಡಿಸಿ ಬರೆಯುವುದು ಒಳ್ಳೆಯದು.

ಫೋಟೋ ಹೆಚ್ಚಿದಂತೆ ಜಾಗ ತುಂಬುತ್ತದೆ. ಗೂಗಲ್ ಖಾತೆಗೆ ಉಚಿತ ಜಾಗ 15 ಜಿಬಿ. ಫೋಟೋಗಳಿಗೆ ಲೆಕ್ಕವಿಲ್ಲದಷ್ಟು ಜಾಗ ಕೊಡುತ್ತಿದ್ದುದು 2021ರ ಜೂನ್ 1ಕ್ಕೆ ನಿಂತಿತು. ಈಗ ವಾಟ್ಸ್‌ಆ್ಯಪ್ ಬ್ಯಾಕಪ್ಪೂ ಅದೇ 15 ಜಿಬಿಯಲ್ಲಿ ಕೂರುತ್ತದೆ. ಅದು ತುಂಬಿದರೆ ಜಿಮೇಲ್ ಬರುವುದು ನಿಲ್ಲುತ್ತದೆ. ವಾಟ್ಸ್‌ಆ್ಯಪ್ ಸೆಟ್ಟಿಂಗ್ಸ್‌ನ ‘ಮ್ಯಾನೇಜ್ ಸ್ಟೋರೇಜ್’ ತೆರೆದರೆ ಯಾವ ಗುಂಪು ಎಷ್ಟು ಜಾಗ ತಿಂದಿದೆ ಎಂದು ಸಾಲಾಗಿ ತೋರಿಸುತ್ತದೆ. ಮುಂಜಾನೆಯ ಶುಭೋದಯದ ವಿಡಿಯೋಗಳು ಅಲ್ಲಿ ಮೊದಲ ಸಾಲಿನಲ್ಲಿರುತ್ತವೆ. ಅವನ್ನು ಅಳಿಸಿ, ಸೀರೆಯ ವಿನ್ಯಾಸಗಳ ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಬೇರೆಯಾಗಿ ಇಟ್ಟುಕೊಳ್ಳಿ. ಹಳೆಯ ವಿನ್ಯಾಸದ ಫೋಟೋ ಕಳೆದುಕೊಳ್ಳುವುದೆಂದರೆ ಆ ಮನೆಯ ಕಸುಬಿನ ನೆನಪನ್ನೇ ಕಳೆದುಕೊಂಡಂತೆ.

ಬಾದಾಮಿ, ಐಹೊಳೆ, ಕೂಡಲಸಂಗಮ: ಹುಡುಕುವ ಕಲೆ

ಬಾದಾಮಿ, ಪಟ್ಟದಕಲ್ಲು, ಐಹೊಳೆ ಸುತ್ತುವವರಿಗೆ ಮತ್ತು ಸುತ್ತಿಸುವವರಿಗೆ ಮೊದಲ ಕಿವಿಮಾತು: ಹೊರಡುವ ಮುನ್ನವೇ ಗೂಗಲ್ ಮ್ಯಾಪ್ಸಿನಲ್ಲಿ ಈ ಭಾಗದ ನಕ್ಷೆಯನ್ನು ಆಫ್‌ಲೈನಿಗೆ ಇಳಿಸಿಕೊಳ್ಳಿ. ಬಂಡೆಗಳ ಸಂದಿಯಲ್ಲಿ, ಹಳ್ಳಿಯ ದಾರಿಯಲ್ಲಿ ನೆಟ್‌ವರ್ಕ್ ಹೋದರೂ ದಾರಿ ತಪ್ಪುವುದಿಲ್ಲ. ನವನಗರದಂಥ ಸೆಕ್ಟರುಗಳ ಊರಿನಲ್ಲಿ ಮನೆ ಹುಡುಕಿಸುವುದು ಕಷ್ಟವೆನಿಸಿದರೆ ಬಾಯಿಮಾತಿನ ವಿಳಾಸಕ್ಕಿಂತ ಲೊಕೇಶನ್ ಪಿನ್ ಕಳಿಸಿ. ಅಂಚೆ ಇಲಾಖೆ 2025ರಲ್ಲಿ ತಂದ ಡಿಜಿಪಿನ್ ನಾಡಿನ ಪ್ರತಿ ನಾಲ್ಕು ಮೀಟರ್ ಚೌಕಕ್ಕೂ 10 ಅಕ್ಷರಗಳ ಒಂದು ಗುರುತು ಕೊಡುತ್ತದೆ. ತೋಟದ ಮನೆಯವರಿಗೆ ಅದು ಬಹಳ ಅನುಕೂಲ.

ಶಿಕ್ಷಕರಿಗೆ, ಗೈಡುಗಳಿಗೆ, ಆಸಕ್ತ ವಿದ್ಯಾರ್ಥಿಗಳಿಗೆ ಬೇಕಾದ ವಿದ್ಯೆ ಹುಡುಕುವುದು. ಗೂಗಲ್‌ನಲ್ಲಿ ಪದಗಳನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟರೆ ಅದೇ ಕ್ರಮದಲ್ಲಿ ಇರುವ ಪುಟಗಳು ಮಾತ್ರ ಸಿಗುತ್ತವೆ. ಸೈಟ್ ಎಂದು ಇಂಗ್ಲಿಷಿನಲ್ಲಿ ಬರೆದು, ಕೋಲನ್ ಹಾಕಿ, ತಾಣದ ಹೆಸರು ಬರೆದರೆ ಆ ತಾಣದೊಳಗೆ ಮಾತ್ರ ಹುಡುಕುತ್ತದೆ. ಐಹೊಳೆಯ ಮೇಗುಟಿಯಲ್ಲಿರುವ, 634ರಲ್ಲಿ ರವಿಕೀರ್ತಿ ಬರೆದ ಶಾಸನವನ್ನೇ ತೆಗೆದುಕೊಳ್ಳಿ. ಸುಮ್ಮನೆ ಹುಡುಕಿದರೆ ಪರೀಕ್ಷಾ ನೋಟ್ಸುಗಳ ರಾಶಿ ಬರುತ್ತದೆ. ಅದರ ಬದಲು ಇಂಟರ್‌ನೆಟ್ ಆರ್ಕೈವ್ ತಾಣದೊಳಗೆ ‘ಎಪಿಗ್ರಾಫಿಯಾ ಇಂಡಿಕಾ’ ಆರನೆಯ ಸಂಪುಟ ಎಂದು ಹುಡುಕಿದರೆ ವಿದ್ವಾಂಸ ಕೀಲ್‌ಹಾರ್ನ್ ಸಂಪಾದಿಸಿದ ಪೂರ್ಣ ಪಾಠ ಉಚಿತವಾಗಿ ಕೈಗೆ ಸಿಗುತ್ತದೆ. ಬಸವಣ್ಣನವರ ವಚನವೆಂದು ವಾಟ್ಸ್‌ಆ್ಯಪ್‌ನಲ್ಲಿ ಬಂದ ಸಾಲು ನಿಜಕ್ಕೂ ಅವರದೇ ಎಂದು ನೋಡಬೇಕಾದರೆ ‘ವಚನ ಸಂಚಯ’ ಎಂಬ ತಾಣವಿದೆ. ಅಲ್ಲಿ ಒಂದು ಪದ ಹಾಕಿದರೆ ಸಾವಿರಾರು ವಚನಗಳಲ್ಲಿ ಅದು ಎಲ್ಲೆಲ್ಲಿ ಬಂದಿದೆ ಎಂದು ತೋರಿಸುತ್ತದೆ. ಕೂಡಲಸಂಗಮದ ನೆರಳಿನಲ್ಲಿರುವ ನಮಗೆ ಇದು ಗೊತ್ತಿರಲೇಬೇಕು. ಪದದ ಅರ್ಥಕ್ಕೆ ವಿ. ಕೃಷ್ಣ ಅವರ ‘ಅಲರ್’ ಕನ್ನಡ ಇಂಗ್ಲಿಷ್ ನಿಘಂಟು ಇದೆ, ಅದೂ ಉಚಿತ.

ಹಳೆಯ ಪುಸ್ತಕದ ಪುಟವನ್ನು ಮತ್ತೆ ಬೆರಳಚ್ಚು ಮಾಡಬೇಕಿಲ್ಲ. ಪುಟದ ಫೋಟೋವನ್ನು ಗೂಗಲ್ ಡ್ರೈವಿಗೆ ಏರಿಸಿ, ಕಂಪ್ಯೂಟರಿನಲ್ಲಿ ಅದರ ಮೇಲೆ ಬಲಗುಂಡಿ ಒತ್ತಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಚಿತ್ರದ ಕೆಳಗೆ ಕನ್ನಡ ಪಠ್ಯ ಬಂದಿರುತ್ತದೆ. ತಿದ್ದುವುದು ಅಷ್ಟಿಷ್ಟು ಉಳಿಯುತ್ತದೆ, ಆದರೂ ಮುಕ್ಕಾಲು ಶ್ರಮ ಕಡಿಮೆ.

ಹಣದ ವಿಷಯ

ಈಗ ಎಲ್ಲಕ್ಕಿಂತ ಗಂಭೀರವಾದ ಭಾಗ. 2016ರಲ್ಲಿ ಬಂದ ಯುಪಿಐ ಇಂದು ಸಂತೆಯ ಕಾಯಿಪಲ್ಯದ ಬುಟ್ಟಿಯ ತನಕ ಬಂದಿದೆ. ಅದರ ಒಂದೇ ಸೂತ್ರ ಮನೆ ಮನೆಗೂ ತಿಳಿಯಬೇಕು: ಹಣ ಬರಲು ಪಿನ್ ಬೇಕಿಲ್ಲ, ಪಿನ್ ಹಾಕಿದರೆ ಹಣ ಹೋಗುತ್ತದೆ. ‘ಸೀರೆಗೆ ಅಡ್ವಾನ್ಸ್ ಕಳಿಸೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕ್ರಿ’ ಎಂದು ಯಾರಾದರೂ ಹೇಳಿದರೆ, ಅವರು ಸೈನಿಕನ ಸಮವಸ್ತ್ರದ ಫೋಟೋ ಹಾಕಿಕೊಂಡಿದ್ದರೂ ಸರಿ, ಆ ನಂಬರ್ ಬ್ಲಾಕ್ ಮಾಡಿ. ಹಣ ಕಳಿಸಿದೆನೆಂದು ಗಿರಾಕಿ ತೋರಿಸುವ ಸ್ಕ್ರೀನ್‌ಶಾಟನ್ನು ನಂಬಬೇಡಿ. ನಿಮ್ಮ ಆ್ಯಪ್‌ನಲ್ಲೋ ಬ್ಯಾಂಕಿನ ಎಸ್ಸೆಮ್ಮೆಸ್ಸಿನಲ್ಲೋ ಜಮೆ ಕಂಡ ಮೇಲೆ ಸೀರೆ ಕೊಡಿ. ಇಂಟರ್‌ನೆಟ್ ಸಿಗದ ಕಡೆ ಬ್ಯಾಂಕಿಗೆ ಜೋಡಿಸಿದ ನಂಬರಿನಿಂದ *99# ಒತ್ತಿದರೂ ಹಣ ಕಳಿಸಬಹುದು.

ಲಗ್ನಪತ್ರಿಕೆ, ಟ್ರಾಫಿಕ್ ದಂಡ, ಪಿಎಂ ಕಿಸಾನ್ ಹಣ ಎಂಬ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ಗೆ ಬರುವ ಎಪಿಕೆ ಕಡತಗಳು ಈಚಿನ ದೊಡ್ಡ ಪಿಡುಗು. ಪರಿಚಯದವರ ನಂಬರಿನಿಂದಲೇ ಬರುತ್ತವೆ, ಯಾಕೆಂದರೆ ಅವರ ಫೋನು ಆಗಲೇ ಕಳ್ಳರ ಕೈಗೆ ಹೋಗಿರುತ್ತದೆ. ಲಗ್ನಪತ್ರಿಕೆ ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಬರುತ್ತದೆ. ಎಪಿಕೆ ಎಂದರೆ ಅದು ಆ್ಯಪ್. ಅದನ್ನು ತೆರೆದರೆ ನಿಮ್ಮ ಒಟಿಪಿ ಓದುವ ಅಧಿಕಾರ ಇನ್ನೊಬ್ಬರಿಗೆ ಸಿಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ‘ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್’ ಎಂಬಲ್ಲಿ ವಾಟ್ಸ್‌ಆ್ಯಪ್‌ಗೂ ಬ್ರೌಸರಿಗೂ ಅನುಮತಿ ಬಂದ್ ಮಾಡಿ. ಮನೆಯ ಹಿರಿಯರ ಫೋನಿನಲ್ಲಿ ಇದನ್ನು ಇಂದೇ ಮಾಡಿಕೊಡಿ.

ಸಿಬಿಐ, ಕಸ್ಟಮ್ಸ್ ಎಂದು ವಿಡಿಯೋ ಕಾಲ್ ಮಾಡಿ ‘ಡಿಜಿಟಲ್ ಅರೆಸ್ಟ್’ ಎನ್ನುವವರ ವಿಷಯ. ಅಂಥ ಬಂಧನ ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. ಫೋನ್ ಕಟ್ ಮಾಡುವುದೇ ಅದಕ್ಕೆ ಮದ್ದು. ಕೊರಿಯರ್ ಬಂದಿದೆ, ಈ ಕೋಡ್ ಒತ್ತಿ ಎಂದು ನಕ್ಷತ್ರದ ಗುರುತಿನಿಂದ ಶುರುವಾಗುವ ನಂಬರ್ ಹೇಳಿದರೆ ಒತ್ತಬೇಡಿ. ಅದು ನಿಮ್ಮ ಕರೆಗಳನ್ನು ಕಳ್ಳರ ಕಡೆ ತಿರುಗಿಸುವ ಕೋಡ್ ಆಗಿರಬಹುದು. ಒತ್ತಿದ್ದಾಗಿದ್ದರೆ ##002# ಒತ್ತಿ ಎಲ್ಲ ತಿರುವುಗಳನ್ನೂ ರದ್ದು ಮಾಡಿ.

ಹೆಬ್ಬೆಟ್ಟಿನಿಂದ ಹಣ ತೆಗೆಯುವ ವ್ಯವಸ್ಥೆ ನಮ್ಮ ಹಳ್ಳಿಗಳಿಗೆ ದೊಡ್ಡ ಅನುಕೂಲ. ಆದರೆ 2023ರಲ್ಲಿ ಆಸ್ತಿ ನೋಂದಣಿ ದಾಖಲೆಗಳಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿ ಹಣ ತೆಗೆದ ಪ್ರಕರಣಗಳು ರಾಜ್ಯದಲ್ಲಿ ನಡೆದವು. ಹೆಬ್ಬೆಟ್ಟಿನ ವ್ಯವಹಾರ ಮಾಡದವರು ಎಂ-ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿಡುವುದು ಲೇಸು. ಪಿಂಚಣಿ, ಗೃಹಲಕ್ಷ್ಮಿ ಹಣವನ್ನು ಹೆಬ್ಬೆಟ್ಟಿಟ್ಟು ತೆಗೆಯುವ ತಾಯಂದಿರು ಲಾಕ್ ಮಾಡಿದರೆ ಪ್ರತಿ ಸಲ ಆ ಲಾಕ್ ಬಿಚ್ಚಬೇಕಾಗುತ್ತದೆ. ಅವರು ಪ್ರತಿ ಸಲವೂ ಚೀಟಿ ಕೇಳಿ ಪಡೆಯಲಿ, ಉಳಿದ ಹಣ ಎಷ್ಟೆಂದು ಓದಿಸಿಕೊಳ್ಳಲಿ. ‘ಬೆರಳು ಬರವಲ್ದು, ಇನ್ನೊಮ್ಮೆ ಇಡ್ರಿ’ ಎಂದಾಗ ಮೊದಲನೆಯದಕ್ಕೆ ಹಣ ಹೋಗಿಲ್ಲವೆಂದು ಖಾತ್ರಿ ಮಾಡಿಕೊಳ್ಳಲಿ.

ಇಷ್ಟಾದರೂ ಹಣ ಹೋದರೆ? ತಡ ಮಾಡದೆ 1930ಕ್ಕೆ ಕರೆ ಮಾಡಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲೇ ತಡೆಯಲು ಅವಕಾಶ ಇರುವುದು ಮೊದಲ ಗಂಟೆಗಳಲ್ಲಿ ಮಾತ್ರ. ಆಮೇಲೆ ರಾಷ್ಟ್ರೀಯ ಸೈಬರ್ ಅಪರಾಧ ತಾಣದಲ್ಲಿ ದೂರು, ಜಿಲ್ಲೆಯ ಸೈಬರ್ (ಸಿಇಎನ್) ಪೊಲೀಸ್ ಠಾಣೆಯಲ್ಲಿ ದೂರು, ಬ್ಯಾಂಕಿಗೆ ಬರಹದಲ್ಲಿ ಅರ್ಜಿ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ ಗ್ರಾಹಕನ ತಪ್ಪಿಲ್ಲದೆ ಮೂರನೆಯವರಿಂದ ಮೋಸವಾಗಿ, 3 ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದ್ದರೆ ಗ್ರಾಹಕನ ಮೇಲೆ ಹೊಣೆ ಬೀಳುವುದಿಲ್ಲ. ನಾವೇ ಒಟಿಪಿ ಹೇಳಿದ್ದರೆ ತಿಳಿಸುವ ತನಕದ ನಷ್ಟ ನಮ್ಮದೇ. ತಿಳಿಸಿದ ನಂತರ ಹೋದದ್ದಕ್ಕೆ ಬ್ಯಾಂಕೇ ಹೊಣೆ. ನಾಚಿಕೆಯಿಂದ ಎರಡು ದಿನ ಸುಮ್ಮನಿರುವುದೇ ದೊಡ್ಡ ನಷ್ಟ.

ಫೋನ್ ಕಳೆದಾಗಲೂ ಇದೇ ಆತುರ ಬೇಕು. *#06# ಒತ್ತಿ ಬರುವ ಐಎಂಇಐ ನಂಬರನ್ನು ಇಂದೇ ಮನೆಯ ಪುಸ್ತಕದಲ್ಲಿ ಬರೆದಿಡಿ. ಕಳೆದ ಫೋನನ್ನು ‘ಸಂಚಾರ್ ಸಾಥಿ’ ತಾಣದಲ್ಲಿ ಬ್ಲಾಕ್ ಮಾಡಲು ಅದು ಬೇಕು. ಅದೇ ತಾಣದಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದೂ ನೋಡಬಹುದು. ನೀವು ಕೊಳ್ಳದ ಸಿಮ್ ಕಂಡರೆ ಅಲ್ಲೇ ದೂರಬಹುದು. ವಾಟ್ಸ್‌ಆ್ಯಪ್‌ಗೂ ಜಿಮೇಲಿಗೂ ಎರಡು ಹಂತದ ಬೀಗ ಹಾಕಿ.

ಹಳೆಯ ಕಂಪ್ಯೂಟರು, ಹೊಸ ಸುಳ್ಳು

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಓಡದ ಹಳೆಯ ಯಂತ್ರವನ್ನು ಎಸೆಯಬೇಕಿಲ್ಲ. ಲಿನಕ್ಸ್ ಮಿಂಟ್‌ನಂಥ ಉಚಿತ ವ್ಯವಸ್ಥೆ ಹಾಕಿದರೆ ಅರ್ಜಿ ತುಂಬಲು, ಪತ್ರ ಬರೆಯಲು, ಮಕ್ಕಳ ಓದಿಗೆ ಇನ್ನೂ ಕೆಲವು ವರ್ಷ ಬಾಳುತ್ತದೆ. ಯೂನಿಕೋಡ್ ಕನ್ನಡವೂ ಅದರಲ್ಲಿ ಬರುತ್ತದೆ.

ಕೀಲಿಮಣೆಯ ಚುಟುಕು ದಾರಿಗಳು ನೂರಾರು ಇವೆ. ನಾಲ್ಕು ಕಲಿತರೆ ದಿನದ ಕೆಲಸ ಸಾಗುತ್ತದೆ. ತಪ್ಪಿ ಮುಚ್ಚಿದ ಬ್ರೌಸರ್ ಪುಟ ಮತ್ತೆ ತೆರೆಯಲು ಕಂಟ್ರೋಲ್, ಶಿಫ್ಟ್, ಟಿ. ಉದ್ದನೆಯ ಆಯ್ಕೆಪಟ್ಟಿಯಲ್ಲಿ ತನ್ನ ರಿಜಿಸ್ಟರ್ ನಂಬರ್ ಹುಡುಕಲು ಕಂಟ್ರೋಲ್, ಎಫ್. ಪರದೆಯ ಒಂದು ಭಾಗವನ್ನಷ್ಟೇ ಚಿತ್ರ ತೆಗೆಯಲು ವಿಂಡೋಸ್, ಶಿಫ್ಟ್, ಎಸ್. ಈಚೆಗೆ ಕಾಪಿ ಮಾಡಿದ್ದನ್ನು ಮತ್ತೆ ಪಡೆಯಲು ವಿಂಡೋಸ್, ವಿ. ಅರ್ಜಿ ಸಲ್ಲಿಸಿದ ಕೂಡಲೇ ಕಂಟ್ರೋಲ್, ಪಿ ಒತ್ತಿ ಪಿಡಿಎಫ್ ಆಗಿ ಉಳಿಸುವ ಅಭ್ಯಾಸ ಐದನೆಯದಾಗಲಿ. ಸರ್ವರ್ ಕೈಕೊಟ್ಟಾಗ ಅದೇ ಸಾಕ್ಷಿ.

ಇನ್ನು ನಂಬಬಾರದ ಕಿವಿಮಾತುಗಳು. ಎಟಿಎಂ ಪಿನ್ ಉಲ್ಟಾ ಹಾಕಿದರೆ ಪೊಲೀಸರು ಬರುತ್ತಾರೆ ಎಂಬುದು ಸುಳ್ಳು. ವಾಟ್ಸ್‌ಆ್ಯಪ್‌ನಲ್ಲಿ ಮೂರು ಟಿಕ್ ಬಂದರೆ ಸರ್ಕಾರ ಓದಿದೆ ಎಂಬುದೂ ಸುಳ್ಳು. ಫೋನ್ ವೇಗವಾಗಿಸುವ ‘ಕ್ಲೀನರ್’ ಆ್ಯಪ್‌ಗಳು ಜಾಹೀರಾತು ತುಂಬುವುದೇ ಹೆಚ್ಚು. ನೀರಿಗೆ ಬಿದ್ದ ಫೋನನ್ನು ಅಕ್ಕಿಯಲ್ಲಿ ಹೂತಿಡಬೇಡಿ, ಕಾಳಿನ ಚೂರು ಒಳಗೆ ಸೇರಿ ಹಾಳು ಮಾಡಬಹುದೆಂದು ಆ್ಯಪಲ್ ಕಂಪನಿಯೇ ಎಚ್ಚರಿಸಿದೆ. ಗಾಳಿಯಾಡುವ ಕಡೆ ಒಣಗಲು ಬಿಡಿ, ಆ ತನಕ ಚಾರ್ಜಿಗೆ ಹಚ್ಚಬೇಡಿ. ಇನ್‌ಕಾಗ್ನಿಟೋ ತೆರೆದರೆ ಯಾರಿಗೂ ತಿಳಿಯುವುದಿಲ್ಲ ಎಂಬುದೂ ತಪ್ಪು. ಆ ಯಂತ್ರದಲ್ಲಿ ಇತಿಹಾಸ ಉಳಿಯುವುದಿಲ್ಲ, ಅಷ್ಟೇ. ಆದರೆ ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಅಷ್ಟೇ ಬೇಕಾದದ್ದು, ಅಲ್ಲಿ ಅದನ್ನು ಬಳಸಿ.

ಯಾರು ಕಲಿಸಬೇಕು?

ಇಷ್ಟೆಲ್ಲ ನೋಡಿದ ಮೇಲೆ ಉಳಿಯುವ ಪ್ರಶ್ನೆ ಕಲಿಸುವವರದು. ಕಿವಿಮಾತುಗಳಿಗೆ ಕೊರತೆಯಿಲ್ಲ, ಪಕ್ಕದಲ್ಲಿ ಕೂತು ತೋರಿಸುವವರ ಕೊರತೆಯಿದೆ. ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಿವೆ, ಅವುಗಳಲ್ಲಿ ಅನೇಕ ಕಡೆ ಕಂಪ್ಯೂಟರೂ ಇದೆ. ಬಾಗಲಕೋಟೆಯಲ್ಲಿ 1963ರಿಂದ ಇರುವ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು, 2008ರಲ್ಲಿ ಆರಂಭವಾದ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ, ಇಳಕಲ್, ಬಾದಾಮಿ, ಹುನಗುಂದ, ಬಾಗಲಕೋಟೆ ಈ ನಾಲ್ಕೂ ಊರುಗಳ ಪದವಿ ಕಾಲೇಜುಗಳಿವೆ. ರಜೆಯ ದಿನಗಳಲ್ಲಿ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಅರಿವು ಕೇಂದ್ರದಲ್ಲಿ ವಾರಕ್ಕೊಂದು ಸಂಜೆ ಕೂತರೆ ಸಾಕು. ಆದರೆ ಒಂದು ನಿಯಮ ಇರಲಿ: ಕಲಿಸುವವರು ಕಲಿಯುವವರ ಫೋನನ್ನು ಕೈಗೆ ತೆಗೆದುಕೊಳ್ಳಬಾರದು. ಬಾಯಲ್ಲಿ ಹೇಳಬೇಕು, ಒತ್ತುವ ಬೆರಳು ಅವರದೇ ಆಗಿರಬೇಕು. ಎಷ್ಟೇ ಹೊತ್ತು ಹಿಡಿದರೂ ಸರಿ.

ಕ್ರಮವೂ ಹೀಗಿದ್ದರೆ ಒಳ್ಳೆಯದು. ಮೊದಲ ವಾರ ಮೈಕಿನ ಗುರುತು ಒತ್ತಿ ಕನ್ನಡ ಬರೆಯುವುದು. ಎರಡನೆಯ ವಾರ ಯುಪಿಐ ಸೂತ್ರ ಮತ್ತು 1930. ಮೂರನೆಯ ವಾರ ಡಿಜಿಲಾಕರ್, ಮಾಸ್ಕ್ಡ್ ಆಧಾರ್, ಉತಾರ. ನಾಲ್ಕನೆಯ ವಾರ ಅವರವರ ಕಸುಬಿಗೆ ಬೇಕಾದದ್ದು: ನೇಕಾರರಿಗೆ ಫೋಟೋ, ರೈತರಿಗೆ ದಾಮಿನಿ ಮತ್ತು ದಿಶಾಂಕ್, ವಿದ್ಯಾರ್ಥಿಗಳಿಗೆ ಹುಡುಕುವ ವಿದ್ಯೆ. ಒಂದು ತಿಂಗಳು ಮುಗಿಯುವ ಹೊತ್ತಿಗೆ ಆ ಊರಿನ ಹತ್ತು ಜನರಾದರೂ ತಮ್ಮ ಪಿನ್ ಯಾರಿಗೂ ಹೇಳದೆ ತಮ್ಮ ಕೆಲಸ ತಾವೇ ಮಾಡಿಕೊಳ್ಳುವಂತಾದರೆ, ಅವರು ಮತ್ತೆ ಹತ್ತು ಜನರಿಗೆ ಹೇಳಿಕೊಡುತ್ತಾರೆ. ಓದುವ ನೀವು ಈ ಪಟ್ಟಿಯಲ್ಲಿ ಮೂರು ಕೆಲಸ ಬಲ್ಲವರಾಗಿದ್ದರೆ ಈ ವಾರವೇ ನಿಮ್ಮ ಓಣಿಯ ಒಬ್ಬ ಹಿರಿಯರ ಪಕ್ಕದಲ್ಲಿ ಕೂತು ಶುರುಮಾಡಿ.